ಹಾಲ್‌ಸ್ಟೆಡ್ ಬೀದಿಯ ನೆರೆಯಾಕೆ: ಜೇನ್ ಆಡಮ್ಸ್ ನೆನಪು

(ಶಿಕಾಗೊದಲ್ಲಿ, ಹೊಸದಾಗಿ ಬರುವ ವಿದ್ಯಾರ್ಥಿಗಳಿಗೆ ಮತ್ತು ಕುಟುಂಬಗಳಿಗೆ ನೆರವಾಗುವ ಕನ್ನಡಿಗ ಸ್ವಯಂಸೇವಕರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಆಗಸ್ಟ್ ಬಂತು ಅಂದರೆ ನಿಮ್ಮ ಕೆಲಸ ಶುರು. ಓಹೇರ್ ಏರ್‌ಪೋರ್ಟಿಗೆ ಹೋಗಿ ಮಕ್ಕಳನ್ನು ಕರೆತರುವುದು, ಮೊದಲ ವಾರದ ದಿನಸಿ, ಬ್ಯಾಂಕ್ ಖಾತೆ, ಸಿಮ್ ಕಾರ್ಡು, ಮನೆ ಸಿಗುವ ತನಕ ಒಂದು ಹಾಸಿಗೆ. ನಿಮಗೆ ಇದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಇದೇ ಊರಿನಲ್ಲಿ, ಯಾರ ಸಂಬಳವನ್ನೂ ನೆಚ್ಚಿಕೊಳ್ಳದೆ, ಇಂಥದೇ ಕೆಲಸವನ್ನು 46 ವರ್ಷ ಮಾಡಿದ ಒಬ್ಬ ಹೆಣ್ಣುಮಗಳ ಬಗ್ಗೆ ಇವತ್ತು ಮಾತಾಡಬೇಕು ಅಂತ ಬಂದಿದ್ದೇನೆ. ಅವರ ಹೆಸರು ಜೇನ್ ಆಡಮ್ಸ್.

ಆಡಮ್ಸ್ ಅಂದರೆ ನೊಬೆಲ್ ಶಾಂತಿ ಪ್ರಶಸ್ತಿ ಪಡೆದವರು ಅಂತ ಕೆಲವರಿಗೆ ಗೊತ್ತು. 1931ರಲ್ಲಿ ಅದು ಬಂತು, ನಿಜ. ಅಮೆರಿಕದ ಮಹಿಳೆಯೊಬ್ಬರಿಗೆ ಆ ಪ್ರಶಸ್ತಿ ಬಂದಿದ್ದು ಅದೇ ಮೊದಲು. ಆದರೆ ನನಗೆ ಅವರು ಮುಖ್ಯವಾಗಿ ಒಬ್ಬ ಸ್ವಯಂಸೇವಕಿ. ಹಲ್ ಹೌಸ್ ಅಂತ ಅವರು ಶುರು ಮಾಡಿದ ಸೇವಾಮನೆಯಲ್ಲಿ ಇದ್ದು ಕೆಲಸ ಮಾಡುತ್ತಿದ್ದವರು ತಮ್ಮ ಊಟ, ವಾಸದ ಖರ್ಚನ್ನು ತಾವೇ ಕೊಡುತ್ತಿದ್ದರು. ಆಡಮ್ಸ್ ಅಪ್ಪನಿಂದ ಬಂದ ಆಸ್ತಿಯನ್ನೂ ಅದಕ್ಕೆ ಸುರಿದರು.

ಹುಟ್ಟಿದ್ದು 1860ರಲ್ಲಿ, ಇದೇ ಇಲಿನಾಯ್ ರಾಜ್ಯದ ಸೀಡರ್‌ವಿಲ್ ಅನ್ನುವ ಸಣ್ಣ ಊರಿನಲ್ಲಿ. ಎರಡು ವರ್ಷದ ಮಗುವಾಗಿದ್ದಾಗಲೇ ಅಮ್ಮ ತೀರಿಕೊಂಡರು. ಅಪ್ಪ ಗಿರಣಿ ಇಟ್ಟುಕೊಂಡಿದ್ದ ಅನುಕೂಲಸ್ಥರು, ರಾಜ್ಯದ ಸೆನೆಟರ್ ಕೂಡ. ಜೇನ್‌ಗೆ ಚಿಕ್ಕಂದಿನಿಂದ ಬೆನ್ನುಮೂಳೆಯ ತೊಂದರೆ. ಅಪ್ಪ ಸತ್ತ ಮೇಲೆ ಫಿಲಡೆಲ್ಫಿಯಾದಲ್ಲಿ ಡಾಕ್ಟರಿಕೆ ಓದಲು ಸೇರಿದರು. ಆರೋಗ್ಯ ಕೈಕೊಟ್ಟು ಬಿಡಬೇಕಾಯಿತು. ಆಮೇಲಿನ ಕೆಲವು ವರ್ಷ ಏನು ಮಾಡಬೇಕು ಅಂತ ತಿಳಿಯದೆ ಕಳೆದರು. ಓದಿದ, ಉಳ್ಳವರ ಮನೆಯ ಹುಡುಗಿಗೆ ಆಗ ಇದ್ದ ದಾರಿ ಎರಡೇ: ಮದುವೆ ಆಗು, ಇಲ್ಲ ನೆಂಟರಿಷ್ಟರ ಚಾಕರಿ ಮಾಡು. 1888ರಲ್ಲಿ ಲಂಡನ್ನಿನ ಬಡವರ ಕೇರಿಯಲ್ಲಿ ಟಾಯ್ನ್‌ಬಿ ಹಾಲ್ ನೋಡಿದರು. ಅಲ್ಲಿ ಕಾಲೇಜು ಓದಿದ ಹುಡುಗರು ಬಡವರ ನಡುವೆ ಬಂದು ವಾಸ ಮಾಡುತ್ತಿದ್ದರು. ಇದು ನಾನೂ ಮಾಡಬಹುದಾದ ಕೆಲಸ ಅಂತ ಅವರಿಗೆ ಅನ್ನಿಸಿತು. 1889ರ ಸೆಪ್ಟೆಂಬರ್ 18ರಂದು ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಜೊತೆ ಹಾಲ್‌ಸ್ಟೆಡ್ ಬೀದಿಯ ಒಂದು ಹಳೇ ಬಂಗಲೆಗೆ ಬಂದು ಸೇರಿದರು. 1856ರಲ್ಲಿ ಚಾರ್ಲ್ಸ್ ಹಲ್ ಅನ್ನುವವರು ಕಟ್ಟಿಸಿದ್ದ ಮನೆ ಅದು. ಅದೇ ಹಲ್ ಹೌಸ್ ಆಯಿತು.

ಆ ಕಾಲದ ಶಿಕಾಗೊ ಹೇಗಿತ್ತು ಗೊತ್ತಾ? 1890ರಲ್ಲಿ ಊರಿನ ಜನಸಂಖ್ಯೆ ಸುಮಾರು 11 ಲಕ್ಷ. ಅದರಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಜನ ಬೇರೆ ದೇಶದಲ್ಲಿ ಹುಟ್ಟಿದವರು, ಇಲ್ಲ ಅಂಥವರ ಮಕ್ಕಳು. ಹಲ್ ಹೌಸ್ ಸುತ್ತ ಇಟಲಿಯವರು, ಗ್ರೀಕರು, ಜರ್ಮನರು, ಬೊಹೀಮಿಯಾದವರು (ಈಗಿನ ಚೆಕ್ ದೇಶದ ಕಡೆಯವರು), ರಷ್ಯಾ, ಪೋಲೆಂಡಿನಿಂದ ಬಂದ ಯೆಹೂದಿಗಳು. ಹೊಲಿಗೆ ಕೆಲಸ, ಕಾರ್ಖಾನೆ ಕೆಲಸ, ಒಂದೇ ಕೋಣೆಯಲ್ಲಿ ಇಡೀ ಸಂಸಾರ.

ಶುರುವಿನಲ್ಲಿ ಈ ಇಬ್ಬರು ಹೆಣ್ಣುಮಕ್ಕಳ ಯೋಚನೆ ತುಂಬಾ ಚೆಂದವಾಗಿತ್ತು. ಒಳ್ಳೆಯ ಚಿತ್ರಗಳನ್ನು ಗೋಡೆಗೆ ಹಾಕೋಣ, ನೆರೆಯವರನ್ನು ಕರೆದು ಕಾದಂಬರಿ ಓದಿ ಹೇಳೋಣ, ಸಂಗೀತ ಕೇಳಿಸೋಣ. ಹಾಗೇ ಮಾಡಿದರು. ಜನ ಬಂದರು ಕೂಡ. ಆದರೆ ನೆರೆಯವರು ಬಾಗಿಲು ತಟ್ಟಿ ಕೇಳಿದ್ದು ಬೇರೆ. ನಾನು ಕೆಲಸಕ್ಕೆ ಹೋಗಬೇಕು, ಮಗೂನ ನೋಡ್ಕೋತೀರಾ? ಕಾಯಿಲೆಯವರ ಹತ್ತಿರ ರಾತ್ರಿ ಕೂತಿರ್ತೀರಾ? ಮನೆಯಲ್ಲಿ ಸಾವಾಗಿದೆ, ಹೆಣಕ್ಕೆ ಸ್ನಾನ ಮಾಡಿಸಲು ಬರ್ತೀರಾ? ಮದುವೆಯಾಗದ ಒಬ್ಬ ಹುಡುಗಿಗೆ ಹೆರಿಗೆ ನೋವು ಬಂದಾಗ ವಠಾರದ ಹೆಂಗಸರು ಯಾರೂ ಹತ್ತಿರ ಸುಳಿಯಲಿಲ್ಲ. ಆಗ ಆಡಮ್ಸ್ ಮತ್ತು ಅವರ ಜೊತೆಗಾತಿ ಜೂಲಿಯಾ ಲೇಥ್ರಪ್ ಸೂಲಗಿತ್ತಿಯರಾದರು. ಇಬ್ಬರಿಗೂ ಆ ಕೆಲಸ ಗೊತ್ತಿರಲಿಲ್ಲ. ಮಗು ಉಳಿಯಿತು, ತಾಯಿಯೂ ಉಳಿದಳು.

ಅಮ್ಮಂದಿರು ಕೆಲಸಕ್ಕೆ ಹೋದಾಗ ಮಕ್ಕಳನ್ನು ಮನೆಯೊಳಗೆ ಕೂಡಿ ಬೀಗ ಹಾಕುತ್ತಿದ್ದರು. ಒಂದು ಮಗು ಮೂರನೇ ಮಹಡಿಯ ಕಿಟಕಿಯಿಂದ ಬಿತ್ತು. ಒಂದಕ್ಕೆ ಸುಟ್ಟಗಾಯ. ಇನ್ನೊಂದನ್ನು ದಿನವಿಡೀ ಮೇಜಿನ ಕಾಲಿಗೆ ಕಟ್ಟಿಹಾಕಿ ಅದರ ಬೆನ್ನು ಬಾಗಿಹೋಗಿತ್ತು. ಹಾಗಾಗಿ ಮಕ್ಕಳನ್ನು ಹಗಲು ನೋಡಿಕೊಳ್ಳುವ ಮನೆ ಶುರುವಾಯಿತು. ಮೊದಲ ಕ್ರಿಸ್‌ಮಸ್‌ಗೆ ಮಿಠಾಯಿ ಹಂಚಿದರೆ ಕೆಲವು ಪುಟ್ಟ ಹುಡುಗಿಯರು ಬೇಡ ಅಂದರು. ಯಾಕೆ ಅಂತ ಕೇಳಿದರೆ, ಅವರು ಆರು ವಾರದಿಂದ ಮಿಠಾಯಿ ಕಾರ್ಖಾನೆಯಲ್ಲಿ ಬೆಳಿಗ್ಗೆ 7ರಿಂದ ರಾತ್ರಿ 9ರವರೆಗೆ ದುಡಿಯುತ್ತಿದ್ದರು. ಮಿಠಾಯಿ ಕಂಡರೇ ಅವರಿಗೆ ಆಗುತ್ತಿರಲಿಲ್ಲ. ಆ ಮಕ್ಕಳ ದುಡಿಮೆಯ ವಿಷಯ ಹಿಡಿದು ಹಲ್ ಹೌಸಿನವರು ಹೋರಾಡಿದರು. 1893ರಲ್ಲಿ ಇಲಿನಾಯ್‌ನಲ್ಲಿ ಕಾರ್ಖಾನೆಗಳ ತಪಾಸಣೆಯ ಕಾನೂನು ಬಂತು. ಅಲ್ಲೇ ವಾಸವಾಗಿದ್ದ ಫ್ಲಾರೆನ್ಸ್ ಕೆಲಿ ರಾಜ್ಯದ ಮೊದಲ ಮುಖ್ಯ ಕಾರ್ಖಾನೆ ಇನ್ಸ್‌ಪೆಕ್ಟರ್ ಆದರು.

ಇದೆಲ್ಲಕ್ಕಿಂತ ನನ್ನನ್ನು ಜಾಸ್ತಿ ಕಾಡುವುದು ಗುಲಾಬಿಯ ಕಥೆ. ಹಲ್ ಹೌಸಿನಲ್ಲಿ ಒಂದು ಸಂಜೆ ಕೂಟಕ್ಕೆ ಕೆಂಪು ಗುಲಾಬಿ ಇಟ್ಟಿದ್ದರು. ಅಲ್ಲಿಗೆ ಬಂದ ಒಬ್ಬ ಇಟಲಿಯ ಹೆಂಗಸಿಗೆ ಆಶ್ಚರ್ಯವೋ ಆಶ್ಚರ್ಯ. ಇಷ್ಟು ದೂರದ ಇಟಲಿಯಿಂದ ಬಾಡದ ಹಾಗೆ ಹೂ ಹೇಗೆ ತಂದರು ಅಂತ. ಇಲ್ಲೇ ಬೆಳೆದ ಹೂ ಅಂದರೆ ಆಕೆ ನಂಬಲಿಲ್ಲ. ಶಿಕಾಗೊಕ್ಕೆ ಬಂದು ಆರು ವರ್ಷವಾಗಿತ್ತು, ಒಂದು ಗುಲಾಬಿ ಕಂಡಿರಲಿಲ್ಲ. ಇಟಲಿಯಲ್ಲಾದರೆ ಬೇಸಿಗೆ ಪೂರ್ತಿ ಕಾಣುತ್ತಿದ್ದಳು. ಆ ಆರು ವರ್ಷವೂ ಆಕೆ ಇದ್ದದ್ದು ಹೂವಿನಂಗಡಿಯಿಂದ ಹತ್ತು ಬೀದಿ ದೂರದಲ್ಲಿ. ಐದು ಸೆಂಟು ಕೊಟ್ಟು ಟ್ರಾಮ್ ಹತ್ತಿದ್ದರೆ ಊರಿನ ದೊಡ್ಡ ಪಾರ್ಕುಗಳಿಗೆ ಹೋಗಬಹುದಿತ್ತು. ಯಾರೂ ಕರೆದುಕೊಂಡು ಹೋಗಿರಲಿಲ್ಲ. ತಾನೇ ಹೋಗಬಹುದು ಅಂತ ಆಕೆಗೆ ಹೊಳೆದಿರಲೂ ಇಲ್ಲ. ಅವಳಿಗೆ ಅಮೆರಿಕ ಅಂದರೆ ತಾನಿದ್ದ ಆ ಒಂದು ಬೀದಿ.

ಇದು ನಮ್ಮಲ್ಲೂ ಇದೆ. ಗಂಡನ ವೀಸಾದ ಮೇಲೆ ಬಂದು, ಗಾಡಿ ಓಡಿಸಲು ಬಾರದೆ, ಚಳಿಗಾಲ ಪೂರ್ತಿ ಅಪಾರ್ಟ್‌ಮೆಂಟಿನ ಕಿಟಕಿ ನೋಡುತ್ತಾ ಕೂತ ಹೆಣ್ಣುಮಕ್ಕಳು ನಿಮಗೆಲ್ಲ ಗೊತ್ತು. ಮಗಳ ಬಾಣಂತನಕ್ಕೆ ಬಂದು ಆರು ತಿಂಗಳು ಇದ್ದು, ಮಿಶಿಗನ್ ಸರೋವರ ನೋಡದೆ ವಾಪಸ್ ಹೋದ ಅಮ್ಮಂದಿರೂ ಇದ್ದಾರೆ. ಏರ್‌ಪೋರ್ಟಿನಿಂದ ಕರೆತಂದ ಮೇಲೆ ನಮ್ಮ ಕೆಲಸ ಮುಗಿಯಿತು ಅಂತ ನಾವು ಅಂದುಕೊಳ್ಳುತ್ತೇವಲ್ಲ, ಅಸಲಿ ಕೆಲಸ ಇರುವುದು ಅದರ ಮುಂದಿನ ತಿಂಗಳುಗಳಲ್ಲಿ ಅಂತ ನನಗೆ ಅನ್ನಿಸುತ್ತದೆ. ಆಡಮ್ಸ್ ಅಲ್ಲೇ ಮನೆ ಮಾಡಿಕೊಂಡಿದ್ದರಿಂದ ಅವರಿಗೆ ಇದು ಕಂಡಿತು. ವಾರಕ್ಕೊಮ್ಮೆ ಬಂದು ಹೋಗುವವರಿಗೆ ಕಾಣುತ್ತಿರಲಿಲ್ಲ.

ಇನ್ನು ಅಡುಗೆಮನೆಯ ವಿಷಯ. ನೆರೆಯ ಹೆಂಗಸರು ದಿನವಿಡೀ ಹೊಲಿಗೆಯಲ್ಲಿ ಮುಳುಗಿ ಸರಿಯಾಗಿ ಅಡುಗೆ ಮಾಡುತ್ತಿರಲಿಲ್ಲ. ಡಬ್ಬಿಯಲ್ಲಿ ಬರುವ ಆಹಾರ ಕೊಂಡು ತಿನ್ನುತ್ತಿದ್ದರು. ಅದಕ್ಕೆ ಹಲ್ ಹೌಸಿನವರು ಬಾಸ್ಟನ್ನಿನಲ್ಲಿ ಆಗ ಹೆಸರು ಮಾಡಿದ್ದ ಒಂದು ಮಾದರಿ ನೋಡಿ, ಪೌಷ್ಟಿಕತೆ ಲೆಕ್ಕ ಹಾಕಿ, ಕಡಿಮೆ ಬೆಲೆಗೆ ಸೂಪು, ಬೇಯಿಸಿದ ಮಾಂಸ ಮಾರುವ ಅಡುಗೆಮನೆ ತೆರೆದರು. ಎಲ್ಲ ಶುದ್ಧ, ಎಲ್ಲ ಶಾಸ್ತ್ರೀಯ. ಜನ ಕೊಳ್ಳಲಿಲ್ಲ. ಒಬ್ಬ ಹೆಂಗಸು ನೇರವಾಗಿ ಹೇಳಿದಳಂತೆ: ಇದು ಮೈಗೆ ಒಳ್ಳೆಯದೇ ಇರಬಹುದು, ನನಗೆ ಮಾತ್ರ ನನಗಿಷ್ಟವಾದದ್ದು ತಿನ್ನುವುದೇ ಇಷ್ಟ.

ಆಡಮ್ಸ್ ಈ ಮಾತನ್ನು ತಮ್ಮ ನೆನಪಿನ ಪುಸ್ತಕದಲ್ಲಿ ಮುಚ್ಚಿಡದೆ ಬರೆದಿದ್ದಾರೆ. ಇಟಲಿಯವಳ ಬಾಯಿರುಚಿ ಬೇರೆ, ಬೊಹೀಮಿಯಾದವಳದು ಬೇರೆ ಅನ್ನುವುದನ್ನು ನಾವು ಲೆಕ್ಕಕ್ಕೇ ತಗೊಂಡಿರಲಿಲ್ಲ ಅಂತ ಒಪ್ಪಿಕೊಂಡಿದ್ದಾರೆ. ಆ ಜಾಗ ನಿಧಾನಕ್ಕೆ ಕಾಫಿಹೌಸ್ ಆಯಿತು. ಜನ ಬಂದು ಕೂತು ಹರಟೆ ಹೊಡೆಯುವ ಜಾಗವಾಯಿತು. ಅಂಥದ್ದೊಂದು ಜಾಗವೇ ಅವರಿಗೆ ಬೇಕಿತ್ತು.

ನಾವು ಕನ್ನಡಿಗರು, ನಮಗೆ ನಮ್ಮವರ ರುಚಿ ಗೊತ್ತಿಲ್ವಾ ಅಂತ ನೀವು ಕೇಳಬಹುದು. ಮಂಗಳೂರಿನ ಹುಡುಗನಿಗೆ ಕುಚ್ಚಲಕ್ಕಿ ಅನ್ನ ಬೇಕು. ವಿಜಯಪುರದಿಂದ ಬಂದವನಿಗೆ ಜೋಳದ ರೊಟ್ಟಿ ಇಲ್ಲದೆ ಊಟ ಇಳಿಯಲ್ಲ. ಮಾಂಸದೂಟದ ಮನೆಯಿಂದ ಬಂದ ಹುಡುಗಿ ನಮ್ಮ ಸಂಕ್ರಾಂತಿ ಊಟದ ಸಾಲಿನಲ್ಲಿ ಸುಮ್ನೆ ಕೂತು ಎದ್ದು ಹೋಗುತ್ತಾಳೆ. ಅವಳನ್ನು ನಾವು ಕೇಳಿದ್ದೇವಾ? ಕನ್ನಡ ಒಂದೇ ಆದ ಮಾತ್ರಕ್ಕೆ ಎಲ್ಲರೂ ಒಂದೇ ಮನೆಯಿಂದ ಬಂದವರಲ್ಲ. ಈ ವಿಷಯದಲ್ಲಿ ನಾವು ಇನ್ನೂ ತುಂಬಾ ಕಲಿಯಬೇಕು.

ಕಸದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. ಆ ವಾರ್ಡಿನಲ್ಲಿ ಕಸ ಎತ್ತುತ್ತಿರಲಿಲ್ಲ, ಮಕ್ಕಳು ಸಾಯುತ್ತಿದ್ದವು. 1895ರಲ್ಲಿ ಮೇಯರ್ ಆಡಮ್ಸ್ ಅವರನ್ನೇ ಕಸದ ಇನ್ಸ್‌ಪೆಕ್ಟರ್ ಮಾಡಿದರು. ವರ್ಷಕ್ಕೆ 1000 ಡಾಲರ್ ಸಂಬಳ. ಬೆಳಿಗ್ಗೆ 6ಕ್ಕೆ ಎದ್ದು ಕಸದ ಗಾಡಿಗಳ ಹಿಂದೆ ಹೋಗುತ್ತಿದ್ದರು. ಒಂದು ಇಕ್ಕಟ್ಟು ಬೀದಿಯಲ್ಲಿ ಒಂದೂವರೆ ಅಡಿ ಕಸ ತೆಗೆದ ಮೇಲೆ ಕೆಳಗೆ ಕಲ್ಲು ಹಾಸಿದ ರಸ್ತೆ ಸಿಕ್ಕಿತು. ಅಲ್ಲಿ ರಸ್ತೆ ಇದೆ ಅನ್ನುವುದೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಆ ವಾರ್ಡಿನ ಕಾರ್ಪೊರೇಟರ್ ಜಾನಿ ಪವರ್ಸ್ ಭ್ರಷ್ಟ ಅಂತ ಅವರ ವಿರುದ್ಧ ಚುನಾವಣೆಯಲ್ಲಿ ಪ್ರಚಾರವನ್ನೂ ಮಾಡಿದರು. ಪವರ್ಸ್ ಗೆದ್ದರು. ಆಗ ಆಡಮ್ಸ್ ಜನರನ್ನು ಬೈಯಲಿಲ್ಲ. ಪವರ್ಸ್ ಯಾಕೆ ಗೆಲ್ಲುತ್ತಾರೆ ಅಂತ ಯೋಚಿಸಿ ಬರೆದರು. ಸಾವಿನ ಮನೆಗೆ ಅವರು ಬರುತ್ತಾರೆ, ಮದುವೆಗೆ ಉಡುಗೊರೆ ತರುತ್ತಾರೆ, ಹುಡುಗನಿಗೆ ಕೆಲಸ ಕೊಡಿಸುತ್ತಾರೆ, ಹೊಸದಾಗಿ ಬಂದವನ ಕಣ್ಣಿಗೆ ಅದೇ ಒಳ್ಳೆಯತನ ಅಂತ. ಸೋತವರು ಇಷ್ಟು ನ್ಯಾಯವಾಗಿ ಬರೆಯುವುದು ಕಷ್ಟ.

ಈಗ ಅಪ್ಪ ಅಮ್ಮಂದಿರಾದವರು ಸ್ವಲ್ಪ ಗಮನ ಕೊಟ್ಟು ಕೇಳಿ.

ಆಡಮ್ಸ್ ನೋಡುತ್ತಿದ್ದ ಇನ್ನೊಂದು ಸಂಕಟ ಮಕ್ಕಳದು. ವಲಸೆ ಬಂದವರ ಮಕ್ಕಳು ಶಾಲೆಗೆ ಹೋಗಿ ಇಂಗ್ಲಿಷ್ ಕಲಿತರು, ಇಲ್ಲಿಯ ಬಟ್ಟೆ ಹಾಕಿದರು, ಅಪ್ಪ ಅಮ್ಮನನ್ನು ಕಂಡರೆ ನಾಚಿಕೆಪಟ್ಟರು. ಒಂದು ದಿನ ಪೋಕ್ ಬೀದಿಯಲ್ಲಿ ನಡೆದು ಹೋಗುವಾಗ ಮನೆಯ ಮೆಟ್ಟಿಲ ಮೇಲೆ ಒಬ್ಬ ಇಟಲಿಯ ಅಜ್ಜಿ ಕೂತಿದ್ದರು. ಕೈಯಲ್ಲಿ ನಮ್ಮ ತಕಲಿಯ ಥರದ ಕದಿರು, ನೂಲುತ್ತಿದ್ದರು. ಆಡಮ್ಸ್ ಅವರನ್ನು ಕಂಡು ಮುಖ ಅರಳಿಸಿ ಕದಿರನ್ನು ಎತ್ತಿ ತೋರಿಸಿದರು. ಇನ್ನು ಸ್ವಲ್ಪ ನೂಲಿದರೆ ಒಂದು ಜೊತೆ ಕಾಲುಚೀಲಕ್ಕೆ ಆಗುತ್ತದೆ ಅಂದರು. ಇಷ್ಟೇ ನಡೆದದ್ದು. ಅದರಿಂದ 1900ರ ಹೊತ್ತಿಗೆ ಹಲ್ ಹೌಸಿನಲ್ಲಿ ದುಡಿಮೆಯ ಮ್ಯೂಸಿಯಂ ಶುರುವಾಯಿತು. ಸಿರಿಯಾ, ಗ್ರೀಸ್, ಇಟಲಿ, ರಷ್ಯಾ, ಐರ್ಲೆಂಡ್, ಹೀಗೆ ಬೇರೆ ಬೇರೆ ಕಡೆಯ ಹೆಂಗಸರು ಬಂದು ತಮ್ಮ ತಮ್ಮ ಊರಲ್ಲಿ ನೂಲುವುದು ಹೇಗೆ, ನೇಯುವುದು ಹೇಗೆ ಅಂತ ಮಾಡಿ ತೋರಿಸಿದರು. ಇಲ್ಲಿ ಅವರು ಕಲಿಯಲು ಬಂದವರಲ್ಲ, ಕಲಿಸಲು ಬಂದವರು.

ಏಂಜೆಲಿನಾ ಅಂತ ಒಬ್ಬಳು ಹುಡುಗಿ. ಶನಿವಾರ ಸಂಜೆ ಅಡುಗೆ ತರಗತಿಗೆ ಬರುತ್ತಿದ್ದಳು. ಅದೇ ಹೊತ್ತಿಗೆ ಅವಳ ಅಮ್ಮ ನೂಲಲು ಬರುತ್ತಿದ್ದಳು. ಅಮ್ಮನ ತಲೆಗೆ ಹಳ್ಳಿಯವರ ಥರ ಸುತ್ತಿದ ಬಟ್ಟೆ, ಕಾಲಿಗೆ ದಪ್ಪ ಬೂಟು, ಗಿಡ್ಡ ಲಂಗ. ಅಮ್ಮ ಒಂದು ಬಾಗಿಲಿನಿಂದ ಹೋದರೆ ಮಗಳು ಇನ್ನೊಂದು ಬಾಗಿಲಿನಿಂದ ಹೋಗುತ್ತಿದ್ದಳು. ಒಂದು ಸಂಜೆ ವಿಶ್ವವಿದ್ಯಾಲಯದಿಂದ ಬಂದವರ ಗುಂಪು ಅವಳ ಅಮ್ಮನ ಸುತ್ತ ನಿಂತು ಆಕೆಯ ಕೈಚಳಕ ಹೊಗಳುತ್ತಿತ್ತು. ಇಷ್ಟು ಚೆನ್ನಾಗಿ ಕದಿರಿನಲ್ಲಿ ನೂಲುವವರು ಅಮೆರಿಕದಲ್ಲೇ ಇಲ್ಲ ಅನ್ನುವ ಮಾತು ಮಗಳ ಕಿವಿಗೆ ಬಿತ್ತು. ಅದು ನಿಜವಾ ಅಂತ ಅವಳು ಆಡಮ್ಸ್ ಅವರನ್ನು ಕೇಳಿದಳು. ಅವರು ಅವಳ ಅಮ್ಮನ ಊರಿನ ಬಗ್ಗೆ ಹೇಳಿದರು. ಅಂಥ ಹಳ್ಳಿ ಬಿಟ್ಟು, ಅಂಥ ಬದುಕು ಬಿಟ್ಟು ಈ ಊರಿನ ಇಕ್ಕಟ್ಟಿಗೆ ಬಂದು ಬದುಕುವುದು ಎಷ್ಟು ಕಷ್ಟ ಅಂತ ಹೇಳಿದರು. ಸ್ವಲ್ಪ ದಿನದಲ್ಲೇ ಏಂಜೆಲಿನಾ ಅಮ್ಮನ ಜೊತೆ ಒಂದೇ ಬಾಗಿಲಿನಿಂದ ಬರಲು ಶುರು ಮಾಡಿದಳು.

ನಮ್ಮ ಮಕ್ಕಳೂ ಶಾಲೆಯ ಗೇಟಿನ ಹತ್ತಿರ, ಅಮ್ಮ ನೀನು ಇಲ್ಲೇ ಇರು ಅಂತ ಅಂದಿಲ್ವಾ? ಸೀರೆ ಉಟ್ಟು ಬಂದ ಅಜ್ಜಿಯನ್ನು ನೋಡಿ ಆ ಕಡೆ ತಿರುಗಿಲ್ವಾ? ನಾವು ಆ ಮಕ್ಕಳಿಗೆ ಕನ್ನಡ ಕ್ಲಾಸ್ ಮಾಡುತ್ತೇವೆ, ಅದು ಬೇಕು. ಅಜ್ಜಿಯರನ್ನು ಕ್ಲಾಸಿಗೆ ಕರೆದು ಹಪ್ಪಳ ಒತ್ತುವುದನ್ನೋ, ಕಸೂತಿಯನ್ನೋ, ಒಂದು ಸೋಬಾನೆ ಪದವನ್ನೋ ಅವರಿಂದಲೇ ಕಲಿಸಬೇಕು ಅಂತ ನನ್ನ ಬಹುದಿನದ ಆಸೆ. ಹತ್ತು ಮಂದಿ ಮುಂದೆ ಅಜ್ಜಿಗೆ ಮರ್ಯಾದೆ ಸಿಗುವುದನ್ನು ಮೊಮ್ಮಗು ನೋಡಲಿ.

ನಿಮ್ಮ ಏರ್‌ಪೋರ್ಟ್ ಕೆಲಸಕ್ಕೆ ತೀರಾ ಹತ್ತಿರದ್ದು ಅಂದರೆ 1908ರಲ್ಲಿ ಶುರುವಾದ ವಲಸಿಗರ ರಕ್ಷಣಾ ಲೀಗ್. ಅದನ್ನು ನಡೆಸಿದವರು ಹಲ್ ಹೌಸಿನಲ್ಲಿದ್ದ ಗ್ರೇಸ್ ಅಬಟ್. ಹಡಗಿನಲ್ಲಿ ನ್ಯೂಯಾರ್ಕಿಗೆ ಬಂದವರು ರೈಲಿನಲ್ಲಿ ಶಿಕಾಗೊಕ್ಕೆ ಬರುತ್ತಿದ್ದರು. ನಿಲ್ದಾಣದಲ್ಲಿ ಭಾಷೆ ಬರದ ಹೊಸಬರನ್ನು ಗಾಡಿಯವರು ಸುಲಿಯುತ್ತಿದ್ದರು. ಒಂಟಿಯಾಗಿ ಬಂದ ಹುಡುಗಿಯರಲ್ಲಿ ಕೆಲವರು ಕೈಯಲ್ಲಿದ್ದ ವಿಳಾಸಕ್ಕೆ ತಲುಪುತ್ತಲೇ ಇರಲಿಲ್ಲ. ಲೀಗಿನವರು ಬಂದರಿನಿಂದ ಆ ಹುಡುಗಿಯರ ಹೆಸರುಗಳ ಪಟ್ಟಿ ತರಿಸಿಕೊಂಡು, ಅವರ ಭಾಷೆ ಬಲ್ಲ ಹೆಂಗಸರನ್ನು ಮನೆಮನೆಗೆ ಕಳಿಸಿದರು. ಹುಡುಗಿ ಬಂದು ಸೇರಿದಳಾ, ಕೆಲಸ ಎಲ್ಲಿ, ಸಂಬಳ ಸರಿಯಾಗಿ ಕೊಡುತ್ತಾರಾ ಅಂತ ವಿಚಾರಿಸಿದರು. ನಾವು ವಾಟ್ಸಾಪಿನಲ್ಲಿ ರೀಚ್ ಆದ್ಯಾ ಅಂತ ಕೇಳುತ್ತೇವೆ. ಅವರು ಹೋಗಿ ಕದ ತಟ್ಟಿದರು.

ಎಲ್ಲರೂ ಮೆಚ್ಚುವಾಗ ಸ್ವಾಗತಿಸುವುದು ಸುಲಭ. ಅದೇ 1908ರಲ್ಲಿ ರಷ್ಯಾದಿಂದ ಬಂದಿದ್ದ ಲಾಜರಸ್ ಆವರ್‌ಬುಕ್ ಅನ್ನುವ ಯೆಹೂದಿ ಹುಡುಗ ಶಿಕಾಗೊ ಪೊಲೀಸ್ ಮುಖ್ಯಸ್ಥರ ಮನೆಯಲ್ಲಿ ಅವರ ಗುಂಡಿಗೆ ಸತ್ತ. ಕೊಲ್ಲಲು ಬಂದ ಅರಾಜಕತಾವಾದಿ ಅಂತ ಪೊಲೀಸರು ಹೇಳಿದರು. ಊರಿಗೆ ಊರೇ ವಲಸಿಗರ ಮೇಲೆ ತಿರುಗಿಬಿತ್ತು. ಆಡಮ್ಸ್ ತನಿಖೆ ಆಗಲಿ ಅಂತ ಪಟ್ಟು ಹಿಡಿದರು. ಸತ್ತವನ ಕಡೆಯಿಂದ ವಕೀಲರು ಬರುವ ಹಾಗೆ ಮಾಡಿದರು. ಪತ್ರಿಕೆಗಳು ಹಲ್ ಹೌಸನ್ನೇ ಬೈದವು. ಮೊದಲ ಮಹಾಯುದ್ಧ ಬಂದಾಗ ಅವರು ಯುದ್ಧ ಬೇಡ ಅಂದರು. ಆಮೇಲೆ ಎಷ್ಟೋ ವರ್ಷ ದೇಶದ್ರೋಹಿ ಅನ್ನುವ ಮಾತು ಕೇಳಬೇಕಾಯಿತು. 1917ರಲ್ಲಿ ಸೈನ್ಯಕ್ಕೆ ಹೆಸರು ಬರೆಸುವ ಕೆಲಸ ಹಲ್ ಹೌಸಿನಲ್ಲೇ ನಡೆಯಿತು. ಸಾಲಿನಲ್ಲಿದ್ದ ಒಬ್ಬ, ನೀವು ಹೇಳಿದಿರಿ ಅಂತ ಪೌರತ್ವದ ತರಗತಿಗೆ ಬಂದೆ, ಕಾಗದ ಮಾಡಿಸಿಕೊಂಡೆ, ಅದಿಲ್ಲದಿದ್ದರೆ ಈಗ ನಾನು ಯುದ್ಧಕ್ಕೆ ಹೋಗಬೇಕಿರಲಿಲ್ಲ ಅಂತ ಅವರಿಗೆ ಕಹಿಯಾಗಿ ಹೇಳಿದ. ಇದನ್ನೂ ಅವರು ಬರೆದಿಟ್ಟಿದ್ದಾರೆ.

ಅದೇ 1917ರ ಕಾನೂನು ಭಾರತದವರು ಇಲ್ಲಿಗೆ ವಲಸೆ ಬರುವುದನ್ನು ನಿಲ್ಲಿಸಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ ಭಾರತೀಯರಿಗೆ ಪೌರತ್ವ ಇಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ನಮ್ಮವರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು 1965ರ ಕಾನೂನಿನ ನಂತರವೇ. ಹಾಗಾಗಿ ಆಡಮ್ಸ್ ತೆರೆದಿಟ್ಟ ಬಾಗಿಲಿಗೆ ನಮ್ಮ ಹಿರಿಯರು ಬರುವ ಹಾಗೇ ಇರಲಿಲ್ಲ. ಆದರೆ 1893ರಲ್ಲಿ, ಹಲ್ ಹೌಸ್ ಶುರುವಾಗಿ ನಾಲ್ಕೇ ವರ್ಷಕ್ಕೆ, ವಿವೇಕಾನಂದರು ಇದೇ ಊರಿನಲ್ಲಿ ದಾರಿ ತಿಳಿಯದೆ ಬೀದಿಬದಿ ಕೂತಿದ್ದಾಗ ಎದುರು ಮನೆಯಿಂದ ಬಂದು ಒಳಗೆ ಕರೆದವರು ಶ್ರೀಮತಿ ಹೇಲ್ ಅನ್ನುವ ಗೃಹಿಣಿ. ಆ ಕಥೆ ನಿಮಗೆಲ್ಲ ಗೊತ್ತು. ಆಡಮ್ಸ್ 1923ರಲ್ಲಿ ಭಾರತಕ್ಕೂ ಹೋಗಿದ್ದರು. ಗಾಂಧೀಜಿ ಆಗ ಯರವಡಾ ಜೈಲಿನಲ್ಲಿದ್ದರು.

ಒಂದು ಕೊರತೆಯನ್ನೂ ಹೇಳಬೇಕು. ಅಮೆರಿಕದ ದಕ್ಷಿಣ ರಾಜ್ಯಗಳಿಂದ ಶಿಕಾಗೊಕ್ಕೆ ಬಂದ ಕಪ್ಪು ಜನರಿಗೆ ಹಲ್ ಹೌಸ್ ಯುರೋಪಿನವರಿಗೆ ತೆರೆದಷ್ಟು ತೆರೆಯಲಿಲ್ಲ. ಕಪ್ಪು ಜನರ ಹಕ್ಕಿಗಾಗಿ 1909ರಲ್ಲಿ ಹುಟ್ಟಿದ ರಾಷ್ಟ್ರೀಯ ಸಂಘದ ಸ್ಥಾಪಕರಲ್ಲಿ ಆಡಮ್ಸ್ ಇದ್ದರು. ಆದರೂ ಅವರ ಮನೆಯ ಕ್ಲಬ್ಬುಗಳಲ್ಲಿ ಆ ಜನ ಕಾಣುತ್ತಿದ್ದುದು ತೀರಾ ಕಡಿಮೆ. ಆಡಮ್ಸ್ ಅವರನ್ನು ಪ್ರೀತಿಸುವವರು ಇದನ್ನು ಬಿಟ್ಟು ಮಾತಾಡಬಾರದು.

1935ರ ಮೇ 21ರಂದು ಆಡಮ್ಸ್ ತೀರಿಕೊಂಡರು. ದೇಹವನ್ನು ಹಲ್ ಹೌಸಿನಲ್ಲೇ ಇಟ್ಟಿದ್ದರು. ನೆರೆಯವರು ಸಾವಿರಗಟ್ಟಲೆ ಸಾಲುಗಟ್ಟಿ ಬಂದರು. ಸೀಡರ್‌ವಿಲ್‌ನಲ್ಲಿ ಮಣ್ಣು ಮಾಡಿದರು.

ಅವರ ನೆನಪಿನ ಜೊತೆ ಇನ್ನೊಂದು ಹೆಸರು ಸೇರಿಸಿ ಮಾತು ಮುಗಿಸುತ್ತೇನೆ. ಫ್ಲಾರೆನ್ಸ್ ಸ್ಕಾಲಾ. ಇಟಲಿಯಿಂದ ಬಂದ ದರ್ಜಿಯ ಮಗಳು, ಅದೇ ಕೇರಿಯಲ್ಲಿ ಹುಟ್ಟಿ ಹಲ್ ಹೌಸಿನಲ್ಲಿ ಕಲಿತು ಬೆಳೆದವರು. ದೊಡ್ಡವರಾದ ಮೇಲೆ ಅಲ್ಲೇ ಸ್ವಯಂಸೇವಕಿಯಾದರು. 1961ರಲ್ಲಿ ಹಲ್ ಹೌಸ್ ಮತ್ತು ಸುತ್ತಲ ಕೇರಿಯನ್ನು ಕೆಡವಿ ವಿಶ್ವವಿದ್ಯಾಲಯ ಕಟ್ಟಲು ನಗರ ಹೊರಟಾಗ ಸ್ಕಾಲಾ ನೆರೆಯ ಹೆಂಗಸರನ್ನು ಕಟ್ಟಿಕೊಂಡು ಮೇಯರ್ ಕಚೇರಿಯಲ್ಲಿ ಧರಣಿ ಕೂತರು. ಸ್ಕಾಲಾ ಅವರ ಮನೆಗೆ ಯಾರೋ ಬಾಂಬ್ ಹಾಕಿದರು. ಮೊಕದ್ದಮೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 1963ರಲ್ಲಿ ಸೋತಿತು. 13 ಕಟ್ಟಡಗಳಲ್ಲಿ ಉಳಿದದ್ದು ಎರಡು: ಆ ಹಳೇ ಬಂಗಲೆ ಮತ್ತು ಊಟದ ಮನೆ. ಸ್ಕಾಲಾ ಕೇರಿ ಬಿಟ್ಟು ಹೋಗಲಿಲ್ಲ. 2007ರಲ್ಲಿ ತೀರಿಕೊಳ್ಳುವವರೆಗೂ ಅಲ್ಲೇ ಟೇಲರ್ ಬೀದಿಯಲ್ಲಿದ್ದರು.

ಆ ವಿಶ್ವವಿದ್ಯಾಲಯ ಯಾವುದು ಅಂತ ನಿಮಗೆ ಗೊತ್ತು, ಇಲಿನಾಯ್ ವಿಶ್ವವಿದ್ಯಾಲಯದ ಶಿಕಾಗೊ ಕ್ಯಾಂಪಸ್ (ಯುಐಸಿ). ನೀವು ಈ ತಿಂಗಳು ಕರೆತರುವ ಮಕ್ಕಳಲ್ಲಿ ಎಷ್ಟೋ ಜನ ಅಲ್ಲೇ ಓದುವವರು. ಬಂಗಲೆ ಈಗ ಮ್ಯೂಸಿಯಂ ಆಗಿ ಕ್ಯಾಂಪಸ್ಸಿನೊಳಗೇ ಇದೆ. ಮೊದಲ ವಾರ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಆಡಮ್ಸ್ ಯಾರು, ಸ್ಕಾಲಾ ಯಾರು ಅಂತ ಹೇಳಿ. ಎರಡನೇ ತಿಂಗಳಲ್ಲಿ ಮತ್ತೊಮ್ಮೆ ಹೋಗಿ ಅವರನ್ನು ನೋಡಿಕೊಂಡು ಬನ್ನಿ. ಯಾವ ಮಗುವಿನ ಜವಾಬ್ದಾರಿ ಯಾರದು ಅನ್ನುವುದನ್ನು ಇವತ್ತೇ ಬರೆದಿಟ್ಟುಕೊಂಡು ಏಳೋಣ.